ಬಲತೋಳು ಮತ್ತು ಮೀನುಪೇಟೆಯ ನನ್ನ ಜಾಗ

ಕಾರವಾರದ ಆಸ್ಪತ್ರೆಯಲ್ಲಿ ನನ್ನ ಪಿತ್ತಕೋಶ ತೆಗೆದರು. ಹೊಟ್ಟೆಯ ಹೊಲಿಗೆ ಬಿಚ್ಚುವ ಮೊದಲೇ ಬಲಹೆಗಲಲ್ಲಿ ನೋವು ಎದ್ದಿತು. ಅಯ್ಯಯ್ಯೋ, ಅದೆಂಥ ನೋವು! ಕಾದ ಸಲಾಕೆ ಚುಚ್ಚಿ ತಿರುವಿದ ಹಾಗೆ. ನೋವು ಇಳಿಯುವಷ್ಟರಲ್ಲಿ ತೋಳಿನ ಬಲವೂ ಇಳಿದುಹೋಯಿತು. ತಲೆ ಬಾಚಲೂ ಕೈ ಏಳಲಿಲ್ಲ.

"ಕೊಯ್ದದ್ದು ಹೊಟ್ಟೆ, ಬಿದ್ದದ್ದು ಕೈಯಾ? ಎಲ್ಲಾ ನಾಟ್ಕ," ಎಂದು ಕೇರಿಯಲ್ಲಿ ಆಡಿಕೊಂಡರು. ಡಾಕ್ಟರು ಮಾತ್ರ ನಂಬಿದರು. ಆಪರೇಷನ್ ಆದಮೇಲೆ ಕೆಲವರಿಗೆ ಹೆಗಲಿನ ನರಗಳಿಗೆ ಉರಿಯೂತ ಬರುತ್ತದೆ, ಬೇರೆಲ್ಲೋ ಕೊಯ್ದಿದ್ದರೂ ಬರಬಹುದು, ಬಲ ಮರಳಲು ತಿಂಗಳುಗಳೇ ಬೇಕು ಎಂದರು. ತಿಂಗಳುಗಳು! ಅಷ್ಟು ದಿನ ಪೇಟೆಗೆ ಹೋಗದಿದ್ದರೆ ಹೇಗೆ?

ಅಂಕೋಲೆಯ ಮೀನುಪೇಟೆಯಲ್ಲಿ ಬಾಗಿಲ ಬಳಿಯ ಜಾಗ ನನ್ನದು, ಅತ್ತೆ ಕೂರಿಸಿಹೋದದ್ದು. ಅಲ್ಲಿ ದಿನಾ ಕೂತವರದೇ ಜಾಗ. ಗಂಡನ ತಂಗಿ ಮೊದಲಿನಿಂದ ಅದರ ಮೇಲೆ ಕಣ್ಣಿಟ್ಟವಳು. ನನ್ನನ್ನು ನೋಡಲು ಬಂದವಳು ಚಹಾ ಕುಡಿಯುತ್ತಾ ಶುರುಮಾಡಿದಳು: "ವೈನಿ, ನೀ ಆರಾಮ ಮಾಡು. ಕೈ ಬರೂ ತನಕ ನಾ ಕೂತ್ಕಂತೆ. ನನ್ನ ಆಯಿ ಕೂತ ಜಾಗನೇ ಅಲ್ವಾ?"

"ನಿನ್ನ ಆಯಿ ಅಲ್ಲಿ ಕೂರ್ಸಿದ್ದು ನನ್ನ. ನಾಳೆ ನಾನೇ ಹೋಗ್ತೆ," ಎಂದೆ.

ಹೋದೆ. ಬುಟ್ಟಿಯನ್ನು ಗಂಡ ಇಳಿಸಿಕೊಟ್ಟ. ಕಾಲಲ್ಲಿ ಮೆಟ್ಟಿ ಹಿಡಿದು ಮೀನು ಕೊಯ್ಯುವ ಮೆಟ್ಟುಗತ್ತಿಯ ಮುಂದೆ ಎಡಗೈಯಲ್ಲಿ ಬಂಗಡೆ ಹಿಡಿದರೆ ಅದು ಜಾರಿ ನೆಲಕ್ಕೆ ಬಿತ್ತು. ಆಚೀಚೆಯ ಹೆಂಗಸರು ಕಿಸಕ್ಕನೆ ನಕ್ಕರು. ಮೈಯೆಲ್ಲ ಉರಿದುಹೋಯಿತು.

"ಇವತ್ತಿಂದ ಇಡೀ ಮೀನು ಮಾತ್ರ! ಕೊಯ್ಯೂದು ನಿಮ್ಮ ನಿಮ್ಮ ಮನೇಲಿ!" ಎಂದು ಕೂಗಿದೆ.

ಕೆಲವರು ಪಕ್ಕದವಳ ಹತ್ತಿರ ಹೋದರು. ಹೋಗಲಿ. ದಿನಾ ಚೌಕಾಶಿ ಮಾಡುವ ಶಾಲೆಯ ಅಕ್ಕೋರು ಮಾತ್ರ ಸೀರೆ ಸಿಕ್ಕಿಸಿಕೊಂಡು ತಾವೇ ಮೆಟ್ಟುಗತ್ತಿಗೆ ಕೂತರು.

"ನಾನೇ ಕೊಯ್ದೆ, ಹಂಗಾರೆ ಸ್ವಲ್ಪ ಕಡ್ಮೆ ಮಾಡೆ."

"ನನ್ನ ಕತ್ತಿ ಅಲ್ವಾ ಅಕ್ಕೋರೆ? ಅದ್ಕೆ ಬಾಡಿಗೆ ಕೇಳ್ಲಿಲ್ಲ, ಅಷ್ಟೇ ಪುಣ್ಯ!"

ಅವರು ನಕ್ಕರು, ನಾನೂ ನಕ್ಕೆ. ಆದರೆ ಎಲ್ಲರೂ ಅಕ್ಕೋರಲ್ಲವಲ್ಲ. ಗಿರಾಕಿ ಕಡಿಮೆಯಾದದ್ದು ನಿಜ, ನನಗೆ ಹೆದರಿಕೆಯಾದದ್ದೂ ನಿಜ. ಮಳೆ ಹಿಡಿದರೂ ಕೈ ಏಳುವ ಲಕ್ಷಣ ಕಾಣಲಿಲ್ಲ. ಆಗ ಒಂದು ಬೆಳಿಗ್ಗೆ ನಾದಿನಿ ತನ್ನದೇ ಮೆಟ್ಟುಗತ್ತಿ ಹಿಡಿದು ಬಂದು ನನ್ನೆದುರು ನಿಂತಳು.

"ಸ್ವಲ್ಪ ಅತ್ಲಾಗೆ ಸರ್ಕೋ ವೈನಿ."

ನಾನು ಕಾಲು ಚಾಚಿ ಇನ್ನಷ್ಟು ಅಗಲವಾಗಿ ಕೂತೆ. "ಕೊಯ್ಯೂಕೆ ಬಂದ್ಯೆ, ಕೂತ್ಕಣೂಕೆ ಬಂದ್ಯೆ?"

ಅವಳ ಕಣ್ಣು ನನ್ನ ತೋಳಿನ ಮೇಲೆ ಬಿತ್ತು. ಹೆಗಲ ಮಾಂಸವೆಲ್ಲ ಇಳಿದು ಎಲುಬು ಎದ್ದಿತ್ತು, ರವಿಕೆಯ ತೋಳು ಸಡಿಲವಾಗಿ ಜೋಲುತ್ತಿತ್ತು. ನಾಟಕ ಅಲ್ಲವೆಂದು ಅವಳಿಗೆ ಆಗಲೇ ಗೊತ್ತಾಗಿರಬೇಕು. ಮುಖ ಸಣ್ಣದು ಮಾಡಿಕೊಂಡಳು.

"ಕೊಯ್ಯೂಕೆ," ಎಂದಳು.

"ಹಂಗಾರೆ ಆ ಬದಿಗೆ ಕೂತ್ಕೋ. ದರ ನಾ ಹೇಳ್ತೆ."