ಅಪ್ಪನ ಎಂಜಲು, ಅಪ್ಪನ ಹೊನ್ನಾರು

ಯುಗಾದಿಗೆ ಊರಿಗೆ ಹೊರಟು ಶ್ರೀರಂಗಪಟ್ಟಣದಲ್ಲಿ ಬಸ್ಸು ಹತ್ತಿದೆ. ಪಕ್ಕದ ಸೀಟಿನ ಹಿರಿಯರು ವೀಳ್ಯದೆಲೆಗೆ ಸುಣ್ಣ ಸವರತೊಡಗಿದರು. ಆ ವಾಸನೆ ಮೂಗಿಗೆ ಬಿದ್ದದ್ದೇ ನನಗೆ ನಗು ಬಂತು. ಅವರು ಏನೆಂದುಕೊಂಡರೋ ಪಾಪ, ನನಗೂ ಒಂದು ಎಲೆ ಕೊಟ್ಟರು. ನಿಮಗಾದರೂ ಕಾರಣ ಹೇಳಬೇಕು.

ಎಲೆಅಡಿಕೆ ಇಲ್ಲದೆ ನಮ್ಮಪ್ಪನ ಬಾಯಲ್ಲಿ ಎಂಜಲೇ ಊರುವುದಿಲ್ಲವೆಂದು ಗೊತ್ತಾದದ್ದು ಕೆಲವು ವರ್ಷಗಳ ಹಿಂದೆ, ಡಿಎನ್‌ಎ ಪರೀಕ್ಷೆಗೆ ಬರಿಬಾಯಿಯ ಎಂಜಲು ಬೇಕೆಂದು ಅವರೆದುರು ನಳಿಕೆ ಹಿಡಿದು ಕೂತಾಗ. ಪಾಂಡವಪುರದ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು ನಾನು. ಆದರೇನು? ಅಪ್ಪಂದಿರ ಸಾಲು ಹುಡುಕಲು ತಂದೆಯಿಂದ ಮಗನಿಗಷ್ಟೇ ಇಳಿಯುವ ವೈ ವರ್ಣತಂತು ಬೇಕು. ಹೆಣ್ಣುಮಗಳ ಎಂಜಲಿಗೆ ಅಲ್ಲಿ ಕಿಮ್ಮತ್ತಿಲ್ಲ. ಕೊನೆಗೆ ಅಮ್ಮ ಎದುರಿಗೆ ಕೂತು ಹುಣಸೆಹಣ್ಣು ಚಪ್ಪರಿಸಿದ ಮೇಲೆ ನಳಿಕೆ ತುಂಬಿತು.

ಯಾಕಿಷ್ಟು ಹಟ ಅಂತೀರಾ? ಅರಕೆರೆ ಪಕ್ಕದ ನಮ್ಮೂರಲ್ಲಿ ಯುಗಾದಿಗೆ ಹೊನ್ನಾರು, ಅಂದರೆ ವರ್ಷದ ಮೊದಲ ಉಳುಮೆ. ಎತ್ತುಗಳನ್ನು ಸಿಂಗರಿಸಿ ನೇಗಿಲುಗಳೆಲ್ಲ ಸಾಲಾಗಿ ಹೊರಡುತ್ತವೆ. ಎಲ್ಲಕ್ಕಿಂತ ಮುಂದಿನದು ಹಳೇ ಬೇಸಾಯದ ಮನೆಯದೇ ಆಗಬೇಕೆಂಬುದು ಕಟ್ಟಳೆ. ನಮ್ಮ ಮುತ್ತಾತ ಕೆ.ಆರ್.ಎಸ್. ಕಟ್ಟೆ ಕಟ್ಟುವಾಗ ಕಲ್ಲು ಹೊರಲು ಎಲ್ಲಿಂದಲೋ ಬಂದು, ಈ ಊರಿನ ಹೆಣ್ಣನ್ನು ಮದುವೆಯಾಗಿ ಇಲ್ಲೇ ಉಳಿದವರು. ತಲೆಮಾರುಗಟ್ಟಲೆ ಭತ್ತ ಬೆಳೆದರೂ ನಾವು ‘ಕಟ್ಟೆ ಕೆಲಸಕ್ಕೆ ಬಂದೋರು’. ಅಪ್ಪ ಪ್ರತಿವರ್ಷ ಎತ್ತು ಹಿಡಿದು ಎಲ್ಲರ ಹಿಂದೆ ಹೋಗಿ ನಿಲ್ಲುತ್ತಿದ್ದರು. ಒಂದೇ ಒಂದು ಸಲ ಮುಂದೆ ನಿಲ್ಲುವ ಆಸೆ ಅವರಿಗೆ. ನೋಡುತ್ತಿದ್ದ ನನಗೆ ಹೊಟ್ಟೆ ಉರಿಯುತ್ತಿತ್ತು.

ವರದಿ ಬಂತು. ನಮ್ಮ ಅಪ್ಪಂದಿರ ಸಾಲಿಗೆ ಸಾವಿರಾರು ವರ್ಷಗಳ ಹಿಂದಿನ ಮೊದಮೊದಲ ಬೇಸಾಯಗಾರರ ನಂಟಿದೆ ಎಂದಿತ್ತು. ಕುಣಿದುಬಿಟ್ಟೆ. ಇಂಥ ನಂಟು ಊರಿನ ಇನ್ನೆಷ್ಟೋ ಮನೆಗಳಿಗೂ ಇದ್ದೀತು. ಆ ಮಾತನ್ನು ಈ ಜೀವಶಾಸ್ತ್ರದ ಮೇಡಂ ಜಾಣತನದಿಂದ ಮರೆತರು. ಆದರೆ ಕೆಳಗೆ ಇನ್ನೊಂದು ಸಾಲಿತ್ತು: ಆ ಬೇಸಾಯಗಾರರು ಪಶ್ಚಿಮದ ದೂರದೇಶದಿಂದ, ತಲೆಮಾರುಗಟ್ಟಲೆ ನಡೆದು ಇತ್ತ ಬಂದವರಂತೆ. ಮತ್ತೆ ಬಂದೋರೇ! ಇದನ್ನು ಬಾಯಿ ಬಿಡಬೇಡಿ ಎಂದು ಅಪ್ಪನಿಗೆ ಹೇಳಿದೆ.

ಹಬ್ಬದ ಹಿಂದಿನ ದಿನ, ನೇಗಿಲುಗಳ ಸರದಿ ಗೊತ್ತುಮಾಡುವ ಊರ ಯಜಮಾನರ ಜಗಲಿಯಲ್ಲಿ ನಾನು ವರದಿಯ ಮೊದಲರ್ಧ ಓದಿ ಮುಗಿಸಿದೆ. ಹಾಗಾದರೆ ಆ ಬೇಸಾಯಗಾರರು ಇದ್ದದ್ದೆಲ್ಲಿ ಎಂದು ಯಜಮಾನರು ಕೇಳಿದರು. ನಾನು ವರದಿ ಮಡಚಿ ಚೀಲಕ್ಕೆ ತುರುಕತೊಡಗಿದೆ. ಅಪ್ಪ ಬಾಯಿ ಬಿಟ್ಟೇಬಿಟ್ಟರು.

“ದೂರದಿಂದ ಬಂದೋರೇ ಕಣಣ್ಣ, ನಾನ್ಯಾಕೆ ಸುಳ್ಳೇಳ್ಲಿ? ಆದ್ರೆ ಬರಿಗೈಲಿ ಬರ್ನಿಲ್ಲ, ಬಿತ್ನೆ ತಂದ್ರು. ನಾವುಣ್ಣೋ ರಾಗಿನೂವೆ ಸಮುದ್ರದಾಚೆಯಿಂದ ಬಂದಿದ್ದಂತೆ, ನಮ್ಮ ಹುಡ್ಗಿ ಏಳ್ತಾಳೆ. ಅದನ್ನ ನೀವೇನು ಒಸಲಾಚೆ ನಿಲ್ಸಿದ್ದೀರಾ?”

ಯಜಮಾನರ ಮೀಸೆಯಡಿ ನಗು ಒಡೆಯಿತು. “ಬುಡ್ಲಾ, ನಾಳೆ ನೀನೇ ಮುಂದೆ ಕಟ್ಟು.”

ಮಾರನೆಯ ಬೆಳಿಗ್ಗೆ ಊರೇ ಹಿಂದೆ, ಅಪ್ಪ ಮುಂದೆ. ಕಾಲೇಜಿನ ಮೇಡಂ ಗದ್ದೆಯ ಬದುವಿನ ಮೇಲೆ ನಿಂತು ಸಿಳ್ಳೆ ಹಾಕಿದರು.

ಮುಂದಿನ ನೇಗಿಲು ವರ್ಷಕ್ಕೊಂದು ಹಳೇ ಮನೆಗೆ; ಆ ಸಾಲಿಗೆ ನಾವೂ ಸೇರಿ, ಈ ಸಲ ಮತ್ತೆ ಅಪ್ಪನ ಸರದಿ. ಊರು ತಲುಪಿ ಬ್ಯಾಗನ್ನೂ ಇಳಿಸದೆ ನೋಡಲು ಓಡಿದರೆ, ಮುಂದಿನ ನೇಗಿಲು ಹಿಡಿದವನು ಬೇರೆ. ನಾಗಮಂಗಲದ ಕಡೆಯಿಂದ ಈಚೆಗಷ್ಟೇ ಬಂದು ಗುತ್ತಿಗೆಗೆ ಗದ್ದೆ ಮಾಡುತ್ತಿರುವವನು. ಎತ್ತು ಮಾತ್ರ ನಮ್ಮವು. ಅಷ್ಟು ಕಷ್ಟಪಟ್ಟು ಗೆದ್ದದ್ದನ್ನು ಯಾಕೆ ಬಿಟ್ಟುಕೊಟ್ಟಿರಿ ಎಂದು ಅಪ್ಪನನ್ನು ಕೇಳಿದೆ. ಅವರು ನೇಗಿಲಿನಿಂದ ಕಣ್ಣು ತೆಗೆಯಲಿಲ್ಲ.

“ನಮ್ಮ ತಾತ ಕಟ್ಟೆ ಕೆಲ್ಸಕ್ಕೆ ಬಂದಾಗ್ಲೇ ಅವ್ರನ್ನ ಇಂಗೆ ಮುಂದೆ ನಿಲ್ಸಿದ್ರೆ ಎಂಗಿರೋದು ಅಂತ ಕಣ್ಣಾರೆ ನೋಡ್ಬೇಕಾಗಿತ್ತು ಕಣವ್ವ. ನೋಡ್ಬುಟ್ಟೆ.”