ಕ್ವಾಲಿಸ್‌ನ ಮುಂದಿನ ಸೀಟು

ಶನಿವಾರ ಬೆಳಿಗ್ಗೆ ತುಮಕೂರಿನಲ್ಲಿ ಗುಬ್ಬಿ ಬಸ್ ಹತ್ತಿದೆ. ಆಧಾರ್ ಕಾರ್ಡ್ ತೋರಿಸಿದ್ದಕ್ಕೆ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟ. ಸೀಟು ಸಿಕ್ಕಿದ್ದು ಮಾತ್ರ ಕಟ್ಟಕಡೆಯದು, ಹಿಂದಿನ ಚಕ್ರದ ಮೇಲೆ. ನನ್ನ ಹಣೆಯಲ್ಲಿ ಹಿಂದಿನ ಸೀಟೇ ಬರೆದಿದೆ ಎಂದು ಕಾಣುತ್ತದೆ, ಇರಲಿ.

ನಾನು ಹೊರಟಿದ್ದು ಮದುವೆಗೂ ಅಲ್ಲ, ನೆಂಟರ ಮನೆಗೂ ಅಲ್ಲ. ಒಂದು ಹಳೆಯ ಕಾರನ್ನು ಹುಡುಕಿಕೊಂಡು ಹೊರಟಿದ್ದೆ. ಹಿಂದಿನ ಸಂಜೆ ಗುಬ್ಬಿ ಗೇಟ್ ಹತ್ತಿರದ ಮೆಕ್ಯಾನಿಕ್ ಬಸವರಾಜು ತರಕಾರಿ ಅಂಗಡಿಯಲ್ಲಿ ಸಿಕ್ಕಿ, "ಅಕ್ಕಾ, ನಿಮ್ ಕ್ವಾಲಿಸ್ ಗುಜರಿಗೆ ಹೋಗ್ತದಂತೆ ಕಣಕ್ಕ. ಈ ವಾರನೇ ಅಂತೆ," ಅಂದಿದ್ದ. ಬದನೆಕಾಯಿ ಆರಿಸುತ್ತಿದ್ದವಳು ಹಾಗೇ ನಿಂತುಬಿಟ್ಟೆ. ರಾತ್ರಿ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಗೊತ್ತಿಲ್ಲ, ತಿಂದದ್ದೂ ನೆನಪಿಲ್ಲ. ಗುಜರಿಯವನು ಕೈ ಹಾಕುವ ಮೊದಲು ಒಂದೇ ಒಂದು ಸಲ ಆ ಗಾಡಿಯ ಮುಂದಿನ ಸೀಟಿನಲ್ಲಿ ಕೂತು ಯಡಿಯೂರಿನ ಸಿದ್ಧಲಿಂಗೇಶ್ವರನ ಗುಡಿಗೆ ಹೋಗಿ ಬರಬೇಕು. ಅಷ್ಟೇ ನನ್ನ ಆಸೆ.

ಇದಕ್ಕೆ ಕಾರಣ ಹೇಳಬೇಕು, ಇಲ್ಲದಿದ್ದರೆ ಮುದುಕಿಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತೀರಿ. ನಮ್ಮ ಯಜಮಾನರು ರುದ್ರೇಶ್, ತುಮಕೂರಿನಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದವರು. ಆ ಜಪಾನಿ ಕಂಪನಿ ಬಿಡದಿಯಲ್ಲಿ ಕಾರ್ಖಾನೆ ಹಾಕಿ ನಮ್ಮ ದೇಶಕ್ಕೆಂದು ಮೊಟ್ಟಮೊದಲು ಬಿಟ್ಟ ಗಾಡಿಯೇ ಕ್ವಾಲಿಸ್. ಬಂದ ಹೊಸದರಲ್ಲಿ ಜನ ನಕ್ಕರು. ಏನಪ್ಪಾ ಇದು, ಬ್ರೆಡ್ಡಿನ ಡಬ್ಬ ಇದ್ದ ಹಾಗಿದೆ ಅಂದರು. ಯಜಮಾನರು ಮಾತ್ರ ಬಾನೆಟ್ ಎತ್ತಿ ಒಂದು ಸಲ ಇಂಜಿನ್ ಸದ್ದು ಕೇಳಿ, ಅಲ್ಲೇ ಮನಸ್ಸು ಕೊಟ್ಟು ಬಂದರು. ಹೆಣ್ಣು ನೋಡಲು ನಮ್ಮ ಮನೆಗೆ ಬಂದಾಗಲೂ ಅಷ್ಟು ಬೇಗ ಒಪ್ಪಿದವರಲ್ಲ.

ಯಾತ್ರೆಗೆ ಹೋಗುವವರಿಗೆ ಅಡುಗೆ ನನ್ನದು. ಧರ್ಮಸ್ಥಳ, ಮಂತ್ರಾಲಯ, ತಿರುಪತಿ, ರಾಮೇಶ್ವರ, ಎಲ್ಲಿಗೆ ಹೋದರೂ ಹಿಂಬದಿಯಲ್ಲಿ ಗ್ಯಾಸ್ ಸ್ಟವ್, ಅಕ್ಕಿ ಮೂಟೆ, ಹುಳಿಪುಡಿ ಡಬ್ಬ, ಇವುಗಳ ನಡುವೆ ನಾನು. ಆ ಗಾಡಿಯ ಹಿಂದಿನ ಸೀಟುಗಳು ಎದುರುಬದುರು, ಅಡ್ಡಲಾಗಿ ಇರುತ್ತವೆ. ಹಾಗಾಗಿ ನಾನು ಇಡೀ ದಕ್ಷಿಣ ಭಾರತವನ್ನು ಅಡ್ಡಡ್ಡವಾಗಿ ನೋಡಿದವಳು. ಘಾಟಿ, ಸಮುದ್ರ, ಗೋಪುರ, ಎಲ್ಲವೂ ಒಂದು ಕಿಟಕಿಯಲ್ಲಿ ಬಂದು ಹಿಂದಕ್ಕೆ ಓಡಿಹೋದವೇ ಹೊರತು, ಯಾವುದೂ ನನ್ನ ಎದುರಿಗೆ ಬರಲಿಲ್ಲ.

ಬಾಡಿಗೆ ಗಾಡಿಯಲ್ಲಿ ಡ್ರೈವರ್ ಪಕ್ಕದ ಸೀಟು ಯಾರದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಗಾಡಿ ಗೊತ್ತು ಮಾಡಿದವನದು. ಅವನು ಬಿಟ್ಟುಕೊಟ್ಟರೆ ಅವನ ಮಾವನದು. ಮಾವನಿಗೆ ವಾಂತಿ ಬರುವುದಾದರಂತೂ ಮುಗಿದೇ ಹೋಯಿತು, ಬೇರೆ ಯಾರೂ ಅತ್ತ ಸುಳಿಯುವ ಹಾಗಿಲ್ಲ. ಡ್ರೈವರ್ ಹೆಂಡತಿ ಮುಂದೆ ಕೂತಳು ಎಂದು ನಾನಂತೂ ಕೇಳಿಲ್ಲ. ಯಜಮಾನರಿಗೆ ಅದು ಗೊತ್ತಿತ್ತು. "ಒಂದಿನ ನಾವಿಬ್ರೇ ಯಡಿಯೂರಿಗೆ ಹೋಗ್ಬರೋಣ ಕಣೇ. ಬಾಡಿಗೆ ಇಲ್ಲ, ಸ್ಟವ್ ಇಲ್ಲ. ನೀನು ಮುಂದೆ ಕೂತ್ಕೊ," ಅನ್ನುತ್ತಿದ್ದರು. ಸೀರೆ ಉಟ್ಟು ರೆಡಿಯಾದ ದಿನವೂ ಉಂಟು. ಅಷ್ಟರಲ್ಲಿ ಫೋನು ಬರುತ್ತಿತ್ತು, ಯಾರಿಗೋ ಗೃಹಪ್ರವೇಶ, ಯಾರಿಗೋ ಆಸ್ಪತ್ರೆ. ಮುಂದಿನ ವಾರ ಹೋಗೋಣ ಅನ್ನುತ್ತಿದ್ದರು. ಐದು ವರ್ಷದ ಹಿಂದೆ ಎದೆನೋವೆಂದು ಆಸ್ಪತ್ರೆಗೆ ಹೋದವರು ಮನೆಗೆ ಬರಲಿಲ್ಲ. ನನಗೆ ಗಾಡಿ ಓಡಿಸಲು ಬಾರದು. ಬಸವರಾಜು ಗುಬ್ಬಿಯ ಒಬ್ಬರಿಗೆ ಕೊಡಿಸಿದ.

ಬಸ್ಸು ಮಲ್ಲಸಂದ್ರ ದಾಟಿತು. ಬಿಸಿಲು ಆಗಲೇ ಚುರುಕಾಗಿತ್ತು. ಈ ರಸ್ತೆಯಲ್ಲಿ ಬರುವಾಗಲೆಲ್ಲ ಯಜಮಾನರು ಕಂಪನಿಯ ಕಥೆ ತೆಗೆಯುತ್ತಿದ್ದರು. ಅವರ ತಾತ ಮಗ್ಗ ನಡೆಸುತ್ತಿದ್ದವರು. ಜಪಾನಿನ ಆ ಮನೆತನವೂ ಮೊದಲು ಮಾಡುತ್ತಿದ್ದದ್ದು ಮಗ್ಗವನ್ನೇ. ಒಂದು ಎಳೆ ಹರಿದರೂ ತಾನಾಗಿ ನಿಂತುಬಿಡುವ ಮಗ್ಗ. ಆಮೇಲೆ ಮಗ ಕಾರಿನ ಹುಚ್ಚು ಹಿಡಿಸಿಕೊಂಡು, ಅದೇ ಮಗ್ಗದ ಕಾರ್ಖಾನೆಯಲ್ಲಿ ಜಾಗ ಮಾಡಿಕೊಂಡು ಕಾರು ಕಟ್ಟಲು ಕೂತನಂತೆ. "ಅವ್ರೂ ನಮ್ಮಂಗೆ ಮಗ್ಗದವ್ರು ಕಣೇ. ಬೀಗರು ಇದ್ದಂಗೆ," ಎಂದು ಮೀಸೆ ತಿರುವುತ್ತಿದ್ದರು. ಗಾಡಿಯಲ್ಲಿ ಎಲ್ಲೋ ಕಿಟ್ಟೆಂದರೂ ಸಾಕು, ರಸ್ತೆ ಪಕ್ಕಕ್ಕೆ ಹಾಕಿ ಇಳಿಯುತ್ತಿದ್ದರು. ಎಳೆ ಹರಿದ ಮೇಲೆ ನೇಯಬಾರದು ಅನ್ನುವುದು ಅವರ ನ್ಯಾಯ. ಯಾತ್ರಿಕರು ಗೊಣಗುತ್ತಿದ್ದರು, ಇವರು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಗುಬ್ಬಿಯಲ್ಲಿ ಇಳಿದು ತೆಂಗಿನಕಾಯಿ ವ್ಯಾಪಾರಿ ಚಂದ್ರಣ್ಣನವರ ಮಂಡಿಗೆ ನಡೆದೆ. ಗಾಡಿ ತೆಗೆದುಕೊಂಡಿದ್ದವರು ಇವರೇ. ಕಾಯಿ ರಾಶಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಹೆಸರು ಹೇಳುತ್ತಿದ್ದ ಹಾಗೇ ಎದ್ದು ನಿಂತರು.

"ರುದ್ರೇಶಣ್ಣೋರ ಮನೆಯೋರಾ? ಬನ್ನಿ ತಾಯಿ, ಕೂತ್ಕೊಳ್ಳಿ. ಲೇ, ಒಂದು ಎಳನೀರು ಕೆತ್ರೋ!"

"ಗಾಡಿ ಎಲ್ಲಿ ಅಣ್ಣ?" ಅಂದೆ. ಎಳನೀರು ನನಗೆ ಬೇಕಾಗಿರಲಿಲ್ಲ.

"ಅಯ್ಯೋ, ನಾನು ಕೊಟ್ಟು ಎರಡು ವರ್ಷ ಆಯ್ತು ಕಣಮ್ಮ. ಕುಣಿಗಲ್ಲಲ್ಲಿ ಶಾಮಿಯಾನದ ನಯಾಜ್ ಅಂತ ಅವ್ನೆ. ಅವನತ್ರ ಇದೆ. ಗುಜರಿಗೆ ಹಾಕ್ತೀನಿ ಅಂತ ಅವನೇ ಫೋನ್ ಮಾಡಿದ್ದ. ನಾನು ಬೈದೆ. ಆದ್ರೆ ಏನ್ಮಾಡ್ತಾನೆ, ಎಫ್‌ಸಿ ಮುಗೀತಾ ಬಂತು, ಆಮೇಲೆ ರೋಡಿಗೆ ಇಳಿಸಂಗಿಲ್ಲ."

ಚಂದ್ರಣ್ಣನವರ ಮಂಡಿಯ ಮುಂದೆ ಅದೇ ಕಂಪನಿಯ ಇನ್ನೋವಾ ಬಿಳಿಯ ಬಣ್ಣದಲ್ಲಿ ಮಿರಿಮಿರಿ ಮಿಂಚುತ್ತಿತ್ತು. ಕ್ವಾಲಿಸ್ ಇನ್ನೂ ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ ಕಂಪನಿ ಅದನ್ನು ನಿಲ್ಲಿಸಿ ಇದನ್ನು ತಂದಿತ್ತು. ಓಡುವ ಕುದುರೆಯನ್ನು ಯಾರಾದರೂ ಕಟ್ಟಿಹಾಕುತ್ತಾರೇನೇ ಎಂದು ಆಗ ಯಜಮಾನರು ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಇದು ಹೇಗಿದೆ ಎಂದು ಚಂದ್ರಣ್ಣನವರನ್ನು ಕೇಳಿದೆ.

"ಚೆನ್ನಾಗದೆ, ಸುಳ್ಳು ಹೇಳಬಾರ್ದು. ಒಳ್ಳೆ ಸೋಫಾ ಮೇಲೆ ಕೂತಂಗೆ. ಆದ್ರೆ ಇದಕ್ಕೆ ಕಾಯಿ ಮೂಟೆ ಹಾಕಕ್ಕೆ ನಂಗೇ ಮನಸ್ಸು ಬರಲ್ಲ. ಅದು ಹಂಗಲ್ಲ ಕಣಮ್ಮ. ಮೂಟೆ ಹಾಕಿದ್ರೂ ಸೈ, ಮಗಳ ಮದುವೆ ದಿಬ್ಬಣ ಹತ್ತಿಸಿದ್ರೂ ಸೈ. ಒಂದಿನ ಮಕ ಸಿಂಡರಿಸಲಿಲ್ಲ. ಮಾರಿಬಿಟ್ಟೆ, ಹಾಳಾದ್ದು, ಈಗ ನೆನೆಸ್ಕೊಂಡ್ರೆ ಹೊಟ್ಟೆ ಉರೀತದೆ."

ಅವರೇ ನಯಾಜ್‌ಗೆ ಫೋನ್ ಮಾಡಿದರು. ಗುಜರಿಯವನು ಸೋಮವಾರ ಬರುವುದಂತೆ. ನನಗೆ ಜೀವ ಬಂದ ಹಾಗಾಯಿತು. ಎಳನೀರು ಕುಡಿದೆ.

ಭಾನುವಾರ ಮೊದಲ ಬಸ್ಸಿಗೇ ಕುಣಿಗಲ್ಲಿಗೆ ಹೊರಟೆ. ಹೆಬ್ಬೂರಿನಲ್ಲಿ ಬಸ್ಸು ನಿಂತಾಗ ಇಳಿದು ಎರಡು ಇಡ್ಲಿ ತಿಂದೆ. ಚಟ್ನಿ ನೀರಾಗಿತ್ತು. ಇವತ್ತು ಜಗಳ ಬೇಡವೆಂದು ಸುಮ್ಮನಾದೆ. ಬೀರುವಿನಿಂದ ಹಸಿರು ರೇಷ್ಮೆ ಸೀರೆ ತೆಗೆದು ಉಟ್ಟಿದ್ದೆ, ಹಿಂದೆ ಎಷ್ಟೋ ಸಲ ಉಟ್ಟು ಬಿಚ್ಚಿಟ್ಟದ್ದು. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಯಾರ ಮದುವೆ ಅಕ್ಕ?" ಅಂದಳು. "ನಂದೇ," ಅಂದೆ. ಅವಳು ಚೀಲವನ್ನು ಮಡಿಲಿಗೆ ಎಳೆದುಕೊಂಡು ಕಿಟಕಿಯತ್ತ ಸರಿದು ಕೂತಳು.

ನಯಾಜ್‌ನ ಶಾಮಿಯಾನದ ಗೋಡೌನು ಊರ ಒಳಗೆ ಒಂದು ಓಣಿಯಲ್ಲಿತ್ತು. ಗಾಡಿ ಹೊರಗೇ ನಿಂತಿತ್ತು. ದೂರದಿಂದಲೇ ಗುರುತು ಹಿಡಿದೆ. ಬೆಳ್ಳಿಬಣ್ಣ ಮಂಕಾಗಿತ್ತು, ಬಂಪರ್ ಮೇಲೆ ಹಗ್ಗ ಉಜ್ಜಿದ ಗೆರೆಗಳಿದ್ದವು. ಹಿಂದಿನ ಗಾಜಿನ ಮೇಲೆ ನಾವು ಅಂಟಿಸಿದ್ದ ಸಿದ್ಧಲಿಂಗೇಶ್ವರನ ಹೆಸರು ಅರ್ಧ ಉಳಿದಿತ್ತು. ಬಾಗಿಲ ಮೇಲೆ ಕೈಯಿಟ್ಟೆ. ಬಿಸಿಲಿಗೆ ಕಾದಿತ್ತು. ಎಡಗಡೆಯ ಮುಂದಿನ ಬಾಗಿಲು ತೆರೆದೆ.

ಒಳಗೆ ಸೀಟೇ ಇರಲಿಲ್ಲ! ಬರೀ ತಗಡಿನ ನೆಲ, ನಾಲ್ಕು ಬೋಲ್ಟಿನ ತೂತು, ಒಂದು ಸುರುಳಿ ತಂತಿ.

ನಯಾಜ್ ಓಡಿಬಂದ. ನಲವತ್ತು ದಾಟಿದ ಮನುಷ್ಯ, ಕಿವಿಯ ಮೇಲೆ ಪೆನ್ಸಿಲ್ಲು. "ಅಮ್ಮ, ಶಾಮಿಯಾನದ ಕಂಬ ಉದ್ದ ಇರ್ತದಲ್ಲ, ಮುಂದಿನ ಸೀಟ್ ಇದ್ರೆ ಹಿಡಿಯಲ್ಲ. ಬಂದ ವಾರನೇ ಬಿಚ್ಚಿಹಾಕ್ದೆ," ಅಂದ. ಏನು ಹೇಳಲಿ? ಐವತ್ತೆಂಟು ವರ್ಷದ ಹೆಂಗಸು ರೇಷ್ಮೆ ಸೀರೆ ಉಟ್ಟು ಓಣಿಯಲ್ಲಿ ನಿಂತು ಗೊಳೋ ಎಂದು ಅತ್ತುಬಿಟ್ಟೆ. ಪಾಪ, ಅವನು ಗಾಬರಿಯಾಗಿ ಅವನ ತಾಯಿಯನ್ನು ಕೂಗಿದ.

ತಾಯಿ ಏಳಲಿಲ್ಲ, ಗೋಡೌನಿನ ಒಳಗಿನಿಂದಲೇ, "ಇಲ್ಲಿ ಕರ್ಕೊಂಡು ಬಾರೋ," ಅಂದರು. ಒಳಗೆ ಹೋದೆ. ಮಡಚಿದ ಪರದೆಗಳ ಪಕ್ಕ, ಎರಡು ಮರದ ತುಂಡಿನ ಮೇಲೆ ಕೂರಿಸಿದ ನಮ್ಮ ಸೀಟು. ಅದರ ಮೇಲೆ ಅವರು ಕೂತಿದ್ದರು. ಮೊಣಕಾಲು ನೋವು, ನೆಲದ ಮೇಲೆ ಕೂರಲು ಆಗುವುದಿಲ್ಲವಂತೆ. ನಾನು ಎಲ್ಲವನ್ನೂ ಹೇಳಿದೆ, ಅಡ್ಡ ಸೀಟು, ಸ್ಟವ್, ಯಡಿಯೂರು, ಮುಂದಿನ ವಾರ. ಅವರು ಕೊನೆಯವರೆಗೂ ಕೇಳಿ, ಮಗನ ಹೆಗಲು ಹಿಡಿದು ಎದ್ದು ನಿಂತರು.

"ಜೋಡಿಸಿ ಕೊಡೋ ನಯಾಜ್. ನಾನು ಸಂಜೆ ತಂಕ ಮಂಚದ ಮೇಲೆ ಬಿದ್ಕೋತೀನಿ. ನಮ್ಮೋರು ಲಾರಿ ಓಡಿಸ್ತಿದ್ರಮ್ಮ. ನಾನೂ ಮುಂದೆ ಕೂರಲೇ ಇಲ್ಲ."

ಬೋಲ್ಟು ಬಿಗಿಯುತ್ತಾ ನಯಾಜ್ ಮಾತಾಡುತ್ತಲೇ ಇದ್ದ. "ಆಳುಗಳು ಕೈಕೊಟ್ಟವ್ರೆ ಅಮ್ಮ, ಇದು ಒಂದಿನ ಕೈಕೊಟ್ಟಿಲ್ಲ. ಕಿಟಕಿ ಗಾಜು ಇಳಿಯಲ್ಲ, ಏಸಿ ಸತ್ತೋಗಿದೆ, ದಿಬ್ಬ ಹತ್ತೋವಾಗ ಸ್ವಲ್ಪ ಹೊಗೆ. ಇಂಜಿನ್ ಮಾತ್ರ ಹುಲಿ. ಯಾರೋ ಚೆನ್ನಾಗಿ ಸಾಕವ್ರೆ ಅಂತ ಮೊದಲನೇ ದಿನಾನೇ ಗೊತ್ತಾಯ್ತು." ಆ ಮಾತಿಗೆ ನನ್ನ ಎದೆ ಉಬ್ಬಿತು.

ಕುಣಿಗಲ್‌ನಿಂದ ಯಡಿಯೂರಿಗೆ ಇಪ್ಪತ್ತು ಕಿಲೋಮೀಟರ್ ಆಸುಪಾಸು, ಹೆದ್ದಾರಿ. ಕೊನೆಗೂ ಮುಂದೆ ಕೂತೆ. ಅಬ್ಬಾ, ರಸ್ತೆ ನೆಟ್ಟಗೆ ಮೈಮೇಲೇ ಬರುತ್ತದೆ! ಲಾರಿ ಎದುರಾದಾಗಲೆಲ್ಲ ನನ್ನ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. "ಹೆದರ್ಬೇಡಿ ಅಮ್ಮ," ಎಂದು ನಯಾಜ್ ನಗುತ್ತಿದ್ದ. ಮರಗಳು, ದಿಬ್ಬ, ಆಕಾಶ, ಎಲ್ಲವೂ ಮೊದಲು ಚಿಕ್ಕದಾಗಿ ಕಂಡು, ಬೆಳೆದು, ಹತ್ತಿರ ಬಂದು, ಆಮೇಲೆ ಹೋಗುತ್ತಿದ್ದವು. ಇಷ್ಟು ವರ್ಷ ಇದನ್ನೆಲ್ಲ ಯಾರ್ಯಾರ ಮಾವಂದಿರೋ ತೂಕಡಿಸುತ್ತಾ ಕಳೆದರಲ್ಲ ಎಂದು ಸಿಟ್ಟೂ ಬಂತು.

ಸಂತೋಷ ತಡೆಯಲಾರದೆ, "ರೀ, ನೋಡ್ರಿ," ಎಂದು ಬಲಕ್ಕೆ ತಿರುಗಿದೆ. ನಯಾಜ್ ಇದ್ದ. ಅವನು ಕೇಳಿಸಿಕೊಂಡರೂ ಕೇಳಿಸದವನ ಹಾಗೆ ರಸ್ತೆ ನೋಡಿದ. ತಲೆಯೆತ್ತಿ ಒಳಗಿನ ಕನ್ನಡಿ ನೋಡಿದೆ. ಇಲ್ಲಿಂದ ಅದರಲ್ಲಿ ಬರೀ ಕಿಟಕಿಯ ಒಂದು ಚೂರು ಕಾಣುತ್ತಿತ್ತು. ಹಿಂದಿನ ಅಡ್ಡ ಸೀಟಿನಿಂದ ಹಾಗಲ್ಲ, ಕತ್ತು ತಿರುಗಿಸಿದರೆ ಆ ಕನ್ನಡಿಯಲ್ಲಿ ಅವರ ಕಣ್ಣು ಕಾಣುತ್ತಿದ್ದವು. ಪ್ರತಿ ಸಲ ಗಾಡಿ ಹೊರಡುವ ಮೊದಲು ಅವರು ಕನ್ನಡಿ ನೋಡಿ, "ಗಿರಿಜಾ, ಕೂತ್ಯಾ?" ಅನ್ನುತ್ತಿದ್ದರು. ಗಾಡಿ ತುಂಬ ಜನರಿದ್ದರೂ ಕೇಳುತ್ತಿದ್ದುದು ನನ್ನೊಬ್ಬಳನ್ನೇ. "ಹೂಂ, ಕೂತೆ. ನಡೀರಿ," ಅನ್ನುವವರೆಗೆ ಗೇರ್ ಹಾಕುತ್ತಿರಲಿಲ್ಲ. ರಸ್ತೆ ನೋಡಬೇಕೆಂಬ ಆಸೆ ಅಲ್ಲಿಗೆ ಮುಗಿಯಿತು. ಅವರು ಬೇಕೆನ್ನಿಸಿತು, ತುಂಬಾ ಬೇಕೆನ್ನಿಸಿತು.

ಯಡಿಯೂರಿನಲ್ಲಿ ದರ್ಶನ ಬೇಗ ಆಯಿತು. ಹಣ್ಣುಕಾಯಿ ಮಾಡಿಸಿ, ವಿಭೂತಿ ಇಟ್ಟುಕೊಂಡು, ದಾಸೋಹದಲ್ಲಿ ಅನ್ನ ಸಾರು ಪಾಯಸ ಉಂಡೆವು. ನಯಾಜ್ ಎರಡು ಸಲ ಸಾರು ಹಾಕಿಸಿಕೊಂಡ. ಗಾಡಿಯ ಹತ್ತಿರ ಬಂದು ಅವನು ಮುಂದಿನ ಬಾಗಿಲು ತೆರೆದು ಹಿಡಿದ.

"ಬೇಡಪ್ಪ. ನಾನು ಹಿಂದೆ ಕೂತ್ಕೋತೀನಿ."

"ಯಾಕಮ್ಮ? ಇದಕ್ಕೋಸ್ಕರ ತಾನೇ ಬಂದಿದ್ದು? ಹಿಂದೆಲ್ಲ ಧೂಳು, ಸೀರೆ ಹಾಳಾಗ್ತದೆ."

"ಆಗ್ಲಿ ಬಿಡು."

ಹಿಂಬಾಗಿಲು ತೆರೆದೆ. ಒಂದು ಬದಿಯ ಅಡ್ಡ ಸೀಟು ಮಡಚಿಕೊಂಡಿತ್ತು, ನಾನು ಕೂರುತ್ತಿದ್ದದ್ದೇ. ಇಳಿಸಿ ಕೂತೆ. ಕಾಲ ಹತ್ತಿರ ಸ್ಟವ್ ಇರಲಿಲ್ಲ, ಹಗ್ಗದ ಸುರುಳಿ ಇತ್ತು. ಕತ್ತು ತಿರುಗಿಸಿ ಕನ್ನಡಿ ನೋಡಿದೆ. ಅದರಲ್ಲಿ ನಯಾಜ್‌ನ ಕಣ್ಣು ಕಂಡವು. ಒಳ್ಳೆಯ ಕಣ್ಣು, ಆದರೆ ಬೇರೆಯವರ ಕಣ್ಣು. ಇಂಜಿನ್ ಶುರುವಾಯಿತು, ಅದೇ ಸದ್ದು, ಒಂದಿಷ್ಟೂ ಬದಲಾಗಿರಲಿಲ್ಲ. ನಾನು ಕಾದೆ. ಅವನು ಏನೂ ಕೇಳದೆ ಗೇರ್ ಹಾಕಿದ. ಪಾಪ, ಕೇಳಬೇಕೆಂದು ಅವನಿಗೆ ಹೇಗೆ ಗೊತ್ತಾಗಬೇಕು? ಗಾಡಿ ಹೊರಟಿತು. ಗೋಪುರ ಕಿಟಕಿಯಲ್ಲಿ ಅಡ್ಡವಾಗಿ ಬಂದು ಹಿಂದಕ್ಕೆ ಸರಿಯಿತು.

"ಹೂಂ, ಕೂತೆ. ನಡೀರಿ," ಅಂದೆ.

"ಏನಂದ್ರಿ ಅಮ್ಮ?"

"ನಿನಗಲ್ಲಪ್ಪ," ಅಂದೆ.