ಹಾಲಿಗೆ ಬಂದ ಅಂಟು

ಹುಕ್ಕೇರಿ ಸೀಮೆಯಲ್ಲಿ ಶೂರರಿಗೇನೂ ಕಡಿಮೆ ಇರಲಿಲ್ಲ. ಬರಿಗೈಯಲ್ಲಿ ಹಾವು ಹಿಡಿಯುವವರಿದ್ದರು, ತುಂಬಿದ ಹೊಳೆಯನ್ನು ಈಜಿ ದಾಟಿದವರಿದ್ದರು. ಅವರೆಲ್ಲರ ಕೀರ್ತಿಯನ್ನು ಮಂಕಾಗಿಸಿದವರು ಹೈಸ್ಕೂಲಿನ ವಿಜ್ಞಾನದ ಮಾಸ್ತರು ಬೀರಸಿದ್ದಪ್ಪ. ಅವರ ಪರಾಕ್ರಮ ಇಷ್ಟೇ: ಜಿಗುಟಾದ ಯಾವುದನ್ನೂ ಅವರು ಮುಟ್ಟುತ್ತಿರಲಿಲ್ಲ, ತಿನ್ನುತ್ತಿರಲಿಲ್ಲ, ಸಾಧ್ಯವಾದರೆ ಅದರತ್ತ ನೋಡುತ್ತಲೂ ಇರಲಿಲ್ಲ.

ಗೋಕಾಕದಲ್ಲಿ ಐದು ವರ್ಷ ಓದಿ ಒಂದು ತುಣುಕು ಕರದಂಟನ್ನೂ ಬಾಯಿಗೆ ಹಾಕದೆ ಹೊರಬಂದ ಏಕೈಕ ಮನುಷ್ಯ ಎಂದು ಆ ಊರಿನವರು ಅವರನ್ನು ನೆನೆಯುತ್ತಿದ್ದರು. ಕರಿದ ಅಂಟು ಎಂಬುದು ಆ ತಿಂಡಿಯ ಹೆಸರಲ್ಲೇ ಇದ್ದರೆ ಅವರಾದರೂ ಏನು ಮಾಡಿಯಾರು? ಮೂಡಲಗಿಯ ಅತ್ತೆಯ ಮನೆಯಲ್ಲಿ ಮೊದಲ ಊಟಕ್ಕೆ ಬೆಂಡೆಕಾಯಿ ಪಲ್ಯ ಬಡಿಸಿದಾಗ ಅವರು ಲೋಳೆ ಕಂಡು ಎಲೆ ಬಿಟ್ಟು ಎದ್ದರು. ಅಳಿಯ ಕೈಗಡಿಯಾರಕ್ಕಾಗಿ ಸೆಟೆದಿದ್ದಾನೆಂದು ತಿಳಿದ ಮಾವ ಮರುದಿನವೇ ಒಂದನ್ನು ತಂದು ಕಟ್ಟಿದರು. ಅಂಚೆ ಚೀಟಿಯನ್ನು ನಾಲಿಗೆಗೆ ತಾಗಿಸದೆ, ಒದ್ದೆ ಬಟ್ಟೆಯ ಮೇಲೆ ಚಿಮಟಿಗೆಯಿಂದ ಒತ್ತಿ ಅಂಟಿಸುತ್ತಿದ್ದರು. ಎಲ್ಲಕ್ಕಿಂತ ಮಿಗಿಲಾದ ವೈರ ಹಾಲಿನ ಕೆನೆಯ ಮೇಲೆ. ಚಹಾದ ಮೇಲೆ ಕೆನೆಯ ಒಂದು ಎಳೆ ತೇಲಿದರೂ ಅವರ ಮುಂಗೈ ಕೂದಲು ನಿಮಿರುತ್ತಿದ್ದವು. ಹುಟ್ಟೂರು ಮಸಗುಪ್ಪಿಯಲ್ಲಿ, ಕುರಿ ಎಮ್ಮೆಗಳ ನಡುವೆ ಬೆಳೆದ ಮಗನಿಗೆ ಕೆನೆ ಹೇಸಿಗೆಯಾದದ್ದು ಹೇಗೆಂದು ಹಿರಿಯರು ತಲೆ ಕೆಡಿಸಿಕೊಂಡು, ಕೊನೆಗೆ ಅದು ಯಾವುದೋ ದೇವರ ಹರಕೆ ಎಂದು ತೀರ್ಮಾನಿಸಿದರು.

ಇಂಥ ಮನುಷ್ಯನ ಪಾಲಿಗೇ ೧೯೫೮ರಲ್ಲಿ ಕೊಲಾಯ್ಡುಗಳ ಪಾಠ ಬಂತು.

ರಾಜ್ಯ ಒಂದಾಗಿ ಎರಡು ವರ್ಷವಾಗಿತ್ತು. ವಿಜ್ಞಾನವನ್ನು ಕನ್ನಡದಲ್ಲೇ ಹೇಳಬೇಕೆಂಬ ಉಮೇದು ಮಾಸ್ತರರಿಗೆ. ಆದರೆ ಪುಸ್ತಕದಲ್ಲಿ ಕೊಲಾಯ್ಡ್ ಎಂಬ ಮಾತಿಗೆ ಕನ್ನಡವಿರಲಿಲ್ಲ. ಅವರು ಮೂಗು ಹಿಂಡಿಕೊಂಡೇ ಮೂಲಕ್ಕೆ ಇಳಿದರು. ಅಂಟಿಗೆ ಗ್ರೀಕರು ‘ಕೊಲ್ಲ’ ಎನ್ನುತ್ತಿದ್ದರು. ನೂರು ವರ್ಷದ ಹಿಂದೆ ಒಬ್ಬ ಪಂಡಿತ ತೊಗಲಿನಂಥ ಕಾಗದವನ್ನು ಪಾತ್ರೆಗೆ ಬಿಗಿದು ನೋಡಿದ. ಉಪ್ಪು, ಸಕ್ಕರೆ ಕರಗಿ ಅದರೊಳಗಿಂದ ಸಲೀಸಾಗಿ ದಾಟಿದವು. ಅಂಟು, ಗಂಜಿ, ತತ್ತಿಯ ಬಿಳಿಭಾಗ ಈಚೆಗೇ ನಿಂತವು. ಹೀಗೆ ಹಿಂದೆ ಉಳಿದವಕ್ಕೆಲ್ಲ ಅವನು ‘ಅಂಟಿನಂಥವು’ ಎಂದು ಹೆಸರಿಟ್ಟ. ಮುಂದೆ ಬಂದವರು, ಇದು ಪದಾರ್ಥದ ಜಾತಿಯಲ್ಲ, ಬರಿಯ ಸ್ಥಿತಿ ಎಂದು ತಿದ್ದಿದರು. ಕಣ್ಣಿಗೆ ಕಾಣದಷ್ಟು ಸಣ್ಣ, ಆದರೆ ಪೂರ್ತಿ ಕರಗದಷ್ಟು ದೊಡ್ಡ ಕಣಗಳು ಇನ್ನೊಂದರಲ್ಲಿ ತೇಲಿಕೊಂಡಿದ್ದರೆ ಅದೆಲ್ಲ ಕೊಲಾಯ್ಡು. ಮಸಿ, ಮಂಜು, ಹೊಗೆ, ನೆತ್ತರು. ಅಂಟಿಲ್ಲದ್ದೂ ಅಂಟಿನ ಹೆಸರಿನಲ್ಲೇ ಸೇರಿಕೊಂಡಿತು. ಜಿಡ್ಡಿನ ಹನಿಗಳು ನೀರಿನಲ್ಲಿ ತೇಲುವ ಹಾಲು ಕೂಡ.

ಪಾಠ ಮನಮುಟ್ಟಲೆಂದು ಮಾಸ್ತರರು ಬಡಿಗನಿಂದ ತೊಗಲು-ಎಲುಬು ಕುದಿಸಿ ಮಾಡಿದ ಅಂಟಿನ ಚೂರು ತರಿಸಿ, ತರಗತಿಯಲ್ಲೇ ಕಾಯಿಸಿದರು. ಸತ್ತ ಹೋರಿ ಎದ್ದು ಬಂದು ಹಿಂದಿನ ಬೆಂಚಿನಲ್ಲಿ ಕುಳಿತಂತೆ ನಾತ ಹಬ್ಬಿತು. ಹುಡುಗಿಯರು ಸೆರಗು ಮೂಗಿಗೊತ್ತಿದರು. ಆ ನಾತದ ನಡುವೆ, ಮುಖ ಕಿವುಚಿಕೊಂಡು, ಮಾಸ್ತರರು ಹಲಗೆಯ ಮೇಲೆ ಬರೆದರು: ಕೊಲ್ಲ ಎಂದರೆ ಅಂಟು. ಹಾಲೂ ಒಂದು ಅಂಟು.

ನಮ್ಮ ಕಡೆ ಅಂಟು ಎಂದರೆ ಗೋಂದು ಹೌದು, ಒಬ್ಬರಿಂದೊಬ್ಬರಿಗೆ ತಗಲುವ ರೋಗವೂ ಹೌದು. ಇದನ್ನು ಗ್ರೀಕರಿಗೆ ಯಾರೂ ತಿಳಿಸಿರಲಿಲ್ಲ. ಸಂಜೆಯ ಹೊತ್ತಿಗೆ ಸುದ್ದಿ ಮನೆಮನೆ ಮುಟ್ಟಿತು: ಹಾಲಿಗೆ ಅಂಟು ಬಂದಿದೆ, ಅದು ಕೊಲ್ಲುತ್ತದೆ, ಅದರ ನಾತ ಮಕ್ಕಳೇ ಮೂಸಿದ್ದಾರೆ.

ಓಣಿಗೆ ಹಾಲು ಹಾಕುತ್ತಿದ್ದವಳು ಕುರುಬರ ಕೆಂಪವ್ವ. ಗಂಡನಿಲ್ಲದ ಆಕೆಯ ಒಲೆ ಉರಿಯುತ್ತಿದ್ದುದು ಎರಡು ಎಮ್ಮೆಗಳ ಮೇಲೆ. ನಾಲ್ಕು ದಿನ ಒಂದು ಬಾಗಿಲೂ ತೆರೆಯಲಿಲ್ಲ. ಒಡೆದ ಹಾಲನ್ನು ತಿಪ್ಪೆಗೆ ಸುರಿದು ಸುರಿದು, ಐದನೆಯ ಬೆಳಿಗ್ಗೆ ಆಕೆ ಹಾಲಿನ ಕೊಡದೊಂದಿಗೆ ಮಾಸ್ತರರ ಅಂಗಳಕ್ಕೇ ಬಂದು ನಿಂತಳು. ಹಿಂದೆ ಅರ್ಧ ಓಣಿ. ಮುಂದಾಳು, ಓಣಿಯ ಸುದ್ದಿಯನ್ನೆಲ್ಲ ಒಬ್ಬಳೇ ಹೊತ್ತು ತಿರುಗುವ ಕಾಶೆವ್ವ.

“ನನ್ನ ಎಮ್ಮಿಗೆ ಅಂಟು ಬಂದೈತಿ ಅಂತ ಸಾಲ್ಯಾಗ ಹೇಳೀರಂತಲ್ರಿ ಮಾಸ್ತರ,” ಎಂದಳು ಕೆಂಪವ್ವ.

“ಬಂದೈತಿ ಅಂದಿಲ್ಲಬೇ. ಹಾಲಽ ಅಂಟು ಅಂದೇನಿ.”

ಇದರಿಂದ ಯಾರಿಗೂ ಸಮಾಧಾನವಾದಂತೆ ಕಾಣಲಿಲ್ಲ. ಕಾಶೆವ್ವ ಮುಂದೆ ಬಂದಳು. “ಕೊಲ್ಲ ಅಂದಿರೋ ಇಲ್ಲೋ?”

“ಅದು ಗ್ರೀಕ್ ಭಾಷಾದಾಗ ಅಂದದ್ದು.”

“ಯಾವ ಭಾಷಾದಾಗ ಕೊಂದರೇನ್ರಿ, ನಾವು ಸಾಯೂದು ಕನ್ನಡದಾಗ ಅಲ್ಲೇನು?”

ಮಾಸ್ತರರು ತೊಗಲಿನ ಕಾಗದದಿಂದ ಶುರುಮಾಡಿ ಎಲ್ಲ ವಿವರಿಸಿದರು. ಹಾಲಷ್ಟೇ ಅಲ್ಲ, ಮೈಯ ನೆತ್ತರೂ ಅಂಥದ್ದೇ ಎಂದಾಗ ಇಬ್ಬರು ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಹಿಂದೆ ಸರಿದರು. ಅಷ್ಟರಲ್ಲಿ ಕಾಶೆವ್ವನಿಗೆ ದೊಡ್ಡ ಸಾಕ್ಷಿ ಹೊಳೆಯಿತು: ಈ ಮಾಸ್ತರರು ಮೊದಲಿನಿಂದಲೂ ಹಾಲು ಕುಡಿದವರೇ ಅಲ್ಲ, ಅವರಿಗೆ ಒಳಗಿನ ಗುಟ್ಟು ಆಗಲೇ ಗೊತ್ತಿತ್ತು. ಜನ ಹೌದಲ್ಲ ಎಂಬಂತೆ ಒಬ್ಬರನ್ನೊಬ್ಬರು ನೋಡಿಕೊಂಡರು.

ಕೆಂಪವ್ವ, ಮನೆಯಲ್ಲೇ ಕಾಯಿಸಿ ಆರಿಸಿದ ಹಾಲು ತುಂಬಿದ ಒಂದು ಚರಿಗೆಯನ್ನು ಮುಂದೆ ಹಿಡಿದಳು. ತನ್ನ ಹಾಲಿನ ಗಟ್ಟಿತನ ಊರೆಲ್ಲ ಕಾಣಲೆಂದು ಕೆನೆಯನ್ನು ಹಾಗೆಯೇ ಬಿಟ್ಟಿದ್ದಳು. ಅದು ಹಳದಿಯಾಗಿ, ದಪ್ಪನಾಗಿ, ಮುದುಕನ ಕತ್ತಿನ ಚರ್ಮದಂತೆ ಸುಕ್ಕುಗಟ್ಟಿ, ಚರಿಗೆ ಅಲುಗಿದಾಗಲೆಲ್ಲ ಮೆಲ್ಲಗೆ ಉಸಿರಾಡುತ್ತಿತ್ತು.

ಮಾಸ್ತರರು ಚಮಚಕ್ಕಾಗಿ ಒಳಗೆ ಕೈಚಾಚಿದರು. “ಮ್ಯಾಲಿಂದು ತಗ್ಯಾಕತ್ತೀರಿ? ಅಂಟು ಅಲ್ಲೇ ಐತೇನ್ರಿ?” ಎಂದಳು ಕಾಶೆವ್ವ. ಚಾಚಿದ ಕೈ ಹಿಂದೆ ಬಂತು. ಕೆಂಪವ್ವ ಅವರ ಮುಖವನ್ನೇ ನೋಡುತ್ತಿದ್ದಳು. ಇಲ್ಲಿ ಓಕರಿಸಿದರೆ ಆಕೆಯ ಎಮ್ಮೆಗಳಿಗೆ ಹುಕ್ಕೇರಿಯಲ್ಲಿ ಜಾಗವಿಲ್ಲ ಎಂದು ಮಾಸ್ತರರಿಗೆ ಅರ್ಥವಾಯಿತು.

ಅವರು ಚರಿಗೆ ಎತ್ತಿದರು. ಕೆನೆ ಮೊದಲು ಮೇಲ್ತುಟಿಗೆ ತಣ್ಣಗೆ ಒರಗಿತು, ಆಮೇಲೆ ಇಡಿಯಾಗಿ ಒಳನುಗ್ಗಿ ಅಂಗುಳಕ್ಕೆ ಅಂಟಿಕೊಂಡಿತು. ಒಂದು ತುದಿ ಗಂಟಲಿಗೆ ಇಳಿಯಿತು, ಇನ್ನೊಂದು ತುದಿ ಹಲ್ಲಿನ ಸಂದಿಯನ್ನು ಬಿಡಲೊಲ್ಲದು. ನಡುವಿನ ಭಾಗ ನಾಲಿಗೆಯ ಮೇಲೆ ಜೀವವಿದ್ದಂತೆ ಮಡಚಿಕೊಂಡಿತು. ಹೊಟ್ಟೆ ಎದ್ದು ಎದೆಗೆ ಬಂತು, ಎದೆ ಎದ್ದು ಕಿವಿಗೆ ಬಂತು. ಮಾಸ್ತರರು ಚರಿಗೆ ಬರಿದು ಮಾಡಿ ಕೆಳಗಿಟ್ಟು, ಕಣ್ಣು ಮುಚ್ಚಿ, ತುಟಿ ಬಿಗಿದು, ಎರಡೂ ಕೈಯಲ್ಲಿ ಕಂಬ ಹಿಡಿದು ನಿಂತರು.

ಓಣಿ ಅವರು ಬೀಳುವುದನ್ನು ಕಾದಿತು. ಕಾಲು ಗಂಟೆ ಕಾದರೂ ಬೀಳಲಿಲ್ಲ. ಕಾಶೆವ್ವನೇ ಮೊದಲು ಹೋಗಿ ಮನೆಯಿಂದ ತಂಬಿಗೆ ತಂದಳು. ಹಿಂದೆಯೇ ಉಳಿದವರು ಬಂದರು. ಕೊಡ ಬರಿದಾದ ಮೇಲೆ ಕೆಂಪವ್ವ, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮಾಸ್ತರರ ಕಾಲು ಮುಟ್ಟಿ ಹೋದಳು.

ಸುದ್ದಿ ಕೇಳಿ ಧಾವಿಸಿದ ಹೆಡ್‌ಮಾಸ್ತರರು ಖಾಲಿಯಾದ ಅಂಗಳದಲ್ಲೇ ಭಾಷಣಕ್ಕೆ ನಿಂತರು. ಸತ್ಯಕ್ಕಾಗಿ ವಿಷ ಕುಡಿದವರನ್ನು ನೆನೆದರು, ವಿಜ್ಞಾನದ ವಿಜಯವನ್ನು ಸಾರಿದರು. ಜನ ಅಷ್ಟೆಲ್ಲ ಕೆಣಕಿದರೂ ಒಂದು ಮಾತಾಡದೆ, ಋಷಿಯ ಹಾಗೆ ಕಣ್ಣು ಮುಚ್ಚಿ ನಿಂತ ಆ ಗಳಿಗೆಯಲ್ಲಿ ಮನಸ್ಸಿನಲ್ಲಿ ಯಾವ ವಿಚಾರವಿತ್ತು ಎಂದು ಗದ್ಗದರಾಗಿ ಕೇಳಿದರು.

ಮಾಸ್ತರರು ಹಿತ್ತಿಲಿಗೆ ಹೋಗಿ, ಸ್ವಲ್ಪ ಹೊತ್ತಿನ ಮೇಲೆ ಮುಖ ತೊಳೆದುಕೊಂಡು ಬಂದರು.

“ಬಾಯಿ ತೆರೆದಿದ್ದರ ಹೊರಗ ಬರತಿತ್ರಿ ಸರ,” ಎಂದರು.